ಯಾವ ಕೋವಿಗೆ ಎಷ್ಟು ಗುರಿ ಬಂದರೆ ‘ಪರವಾಗಿಲ್ಲ’ ಅನ್ನಬಹುದು?

ಮಂಜಿನೂರು_ಹುಡುಗ
ಎಲ್ಲರಿಗೂ ನಮಸ್ಕಾರ. ಊರು ಕೊಡಗು, ಕೆಲಸ ಬೆಂಗಳೂರು. ಕೈಲ್‌ಪೊಳ್ದ್‌ಗೆ (ನಮ್ಮ ಕಡೆಯ ಕೋವಿ ಪೂಜೆಯ ಹಬ್ಬ) ಊರಿಗೆ ಹೋಗಿದ್ದೆ. ಕೋವಿಗೆ ತೋಕ್ ಪೂ ಅನ್ನೋ ಹೂವು ಸಿಕ್ಕಿಸಿ ಪೂಜೆ ಆಯಿತು, ಕಡಂಬಿಟ್ಟು ಪಂದಿಕರಿ ಆಯಿತು. ಆಮೇಲೆ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಪಾಯಿಂಟ್ 22 ರೈಫಲ್, 50 ಮೀಟರ್ ದೂರ, ನಿಂತುಕೊಂಡೇ ಹೊಡೆಯಬೇಕು, ತಲಾ 3 ಗುಂಡು. ನನ್ನ ಮೂರೂ ಗಾಳಿಗೆ ಹೋದವು. ಕಾಯಿ ಅಲ್ಲಾಡಲೂ ಇಲ್ಲ. ನನ್ನ ಹಿಂದೆ ನಿಂತಿದ್ದ ಪಕ್ಕದ ಮನೆ ಅಜ್ಜಿ, 70 ದಾಟಿದವರು, ಎರಡನೇ ಗುಂಡಿಗೇ ಒಡೆದರು. ಆಮೇಲೆ ನನ್ನ ಕಡೆ ತಿರುಗಿ ನೋಡಲೂ ಇಲ್ಲ. ಅದೇ ಜಾಸ್ತಿ ಬೇಜಾರು.

ರೈಫಲ್ ದೊಡ್ಡಪ್ಪನ ಮಗನದು. ‘ನನ್ನ ರೈಫಲ್ 50 ಮೀಟರ್‌ಗೆ ಒಂದು ಇಂಚಿನ ಗ್ರೂಪ್ ಕೊಡುತ್ತೆ, ತಪ್ಪು ನಿನ್ನದೇ’ ಅಂತಾನೆ. ನನಗೆ ನಂಬಿಕೆ ಬರಲಿಲ್ಲ. ಹೊಸ ರೈಫಲ್ ಬಂದರೆ ಸರಿಹೋಗುತ್ತೆ ಅಂತ ಮನಸ್ಸು ಹೇಳುತ್ತಿದೆ.

ಇಲ್ಲಿ ಬೆಂಗಳೂರಲ್ಲಿ 5 ತಿಂಗಳಿಂದ ಒಂದು ರೇಂಜ್‌ನಲ್ಲಿ ಬಾಡಿಗೆ ಏರ್ ರೈಫಲ್ ಹೊಡೆಯುತ್ತಿದ್ದೇನೆ. 10 ಮೀಟರ್, 40 ಗುಂಡಿಗೆ ಮೊನ್ನೆ 372 ಬಂತು. ಇದು ಒಳ್ಳೆಯದಾ, ಕೆಟ್ಟದ್ದಾ? ಏರ್ ರೈಫಲ್, ಪಿಸ್ತೂಲು, ಪಾಯಿಂಟ್ 22, ತೋಟಾ ಕೋವಿ, ಒಂದೊಂದಕ್ಕೂ ‘ಪರವಾಗಿಲ್ಲ’ ಅನ್ನೋ ಮಟ್ಟ ಎಲ್ಲಿಂದ ಶುರು? ಗೊತ್ತಿದ್ದವರು ಹೇಳಿ.

ದೂರದರ್ಶಿ_007
ನಮ್ಮ ಮಾವ 200 ಮೀಟರ್‌ಗೆ ನಿಂಬೆಹಣ್ಣು ಹೊಡೀತಿದ್ದರು. ನಿಂತುಕೊಂಡು. ಗಾಳಿಯಲ್ಲಿ.

ನಿವೃತ್ತ_ಸುಬೇದಾರ್
007 ಅವರೇ, ಆ ಮಾವನವರು ಎಷ್ಟು ನಿಂಬೆಹಣ್ಣು ಬಿಟ್ಟರು ಅಂತ ಯಾರಾದರೂ ಎಣಿಸಿದ್ದಾರೇನ್ರಿ? ಒಮ್ಮೆ ತಾಗಿದ್ದು ಊರೆಲ್ಲ ಕಥೆ ಆಗುತ್ತೆ. ತಾಗದ 40 ಯಾರ ನೆನಪಲ್ಲೂ ಉಳಿಯೋದಿಲ್ಲ.

ಹುಡುಗ, ನಾನು 24 ವರ್ಷ ಪಡೆಯಲ್ಲಿದ್ದವನು. ಮೊದಲು ಒಂದು ಮಾತು. ‘ಗುರಿ’ ಅಂತ ನಾವು ಒಂದೇ ಪದದಲ್ಲಿ ಎರಡು ವಿಷಯ ಹೇಳುತ್ತೇವೆ. ಗುಂಡುಗಳು ಒಂದರ ಪಕ್ಕ ಒಂದು ಬೀಳುವುದು ಗ್ರೂಪಿಂಗ್. ಆ ಗ್ರೂಪ್ ನೀವು ಬಯಸಿದ ಜಾಗದಲ್ಲಿ ಬೀಳುವುದು ಝೀರೋ. ಗ್ರೂಪ್ ಚಿಕ್ಕದಾಗಿದ್ದು ಅರ್ಧ ಅಡಿ ಎಡಕ್ಕೆ ಬೀಳುತ್ತಿದ್ದರೆ ಚಿಂತೆ ಬೇಡ, ಸೈಟ್ (ಕೋವಿಯ ಮೇಲೆ ಗುರಿ ನೋಡುವ ಭಾಗ) ತಿರುಗಿಸಿದರೆ ಮುಗಿಯಿತು. ಗ್ರೂಪೇ ಚೆಲ್ಲಾಪಿಲ್ಲಿಯಾದರೆ ಸೈಟ್ ತಿರುಗಿಸಿ ಏನೂ ಸಿಗೋದಿಲ್ಲ. ರಂಗರೂಟುಗಳಿಗೆ ಮೊದಲ ದಿನವೇ ಇದನ್ನು ಕಲಿಸುತ್ತಿದ್ದೆವು. ಪ್ರತಿ ಗುಂಡಿಗೂ ಸೈಟ್ ತಿರುಗಿಸುವವನನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತೆ.

ಇನ್ನು ಆ 3 ಗುಂಡು ಎಲ್ಲಿ ಹೋದವು ಅಂತ ನೋಡಿದಿರಾ? ಹಿಂದೆ ಮಣ್ಣಿನ ದಿಬ್ಬ ಇತ್ತಾ?

ಮಂಜಿನೂರು_ಹುಡುಗ
ದಿಬ್ಬ ಇತ್ತು ಸರ್. ಎಲ್ಲಿ ಬಿತ್ತು ಅಂತ ನಾನು ನೋಡಲಿಲ್ಲ. ಒಂದು ಮೇಲೆ ಹೋಯಿತು ಅಂತ ಯಾರೋ ಕೂಗಿದರು, ಅಷ್ಟೇ.

ಹತ್ತುಮೀಟರ್_ಅಕ್ಕ
10 ಮೀಟರ್ ವಿಷಯ ನಾನು ಹೇಳುತ್ತೇನೆ, 9 ವರ್ಷದಿಂದ ಮಕ್ಕಳಿಗೆ ಕಲಿಸುತ್ತಿದ್ದೇನೆ.

ತಮ್ಮಾ, 40ಕ್ಕೆ 372 ಅಂದರೆ ಗುಂಡಿಗೆ 9.3. ಐದು ತಿಂಗಳಿಗೆ ಚೆನ್ನಾಗಿಯೇ ಇದೆ. ಏರ್ ರೈಫಲ್ ಗುರಿಹಲಗೆಯಲ್ಲಿ ಹತ್ತು ಅಂದರೆ ಅರ್ಧ ಮಿಲಿಮೀಟರಿನ ಒಂದು ಚುಕ್ಕೆ. ಬಾಲ್‌ಪೆನ್ನಿನಿಂದ ಒಮ್ಮೆ ಕುಟ್ಟಿದಷ್ಟು. ಪೆಲೆಟ್, ಅಂದರೆ ಏರ್ ರೈಫಲ್‌ನ ಗುಂಡು, 4.5 ಮಿ.ಮೀ. ದಪ್ಪ. ಅದರ ಅಂಚು ಚುಕ್ಕೆಗೆ ಮುಟ್ಟಿದರೂ ಹತ್ತು ಸಿಗುತ್ತೆ. ಹಾಗಾಗಿ ಪೆಲೆಟ್‌ನ ನಡು ಗುರಿಯ ನಡುವಿನಿಂದ 2.5 ಮಿ.ಮೀ. ಒಳಗಿದ್ದರೆ 10.0. ಅಲ್ಲಿಂದ ಒಳಗೆ ಕಾಲು ಕಾಲು ಮಿಲಿಮೀಟರಿಗೆ ಒಂದೊಂದು ದಶಾಂಶ. 10.9 ಬೇಕಾದರೆ ಕಾಲು ಮಿ.ಮೀ. ಒಳಗೆ ಇರಬೇಕು. ನಿಮ್ಮ 9.3 ಅಂದರೆ ಸರಾಸರಿ ನಾಲ್ಕು ಮಿಲಿಮೀಟರ್ ಚಿಲ್ಲರೆ ಆಚೆ.

60 ಗುಂಡಿನ ಪಂದ್ಯಕ್ಕೆ (ದಶಾಂಶ ಸೇರಿ ಗರಿಷ್ಠ 654) ನನ್ನ ಲೆಕ್ಕ ಹೀಗೆ. 600 ದಾಟಿದರೆ ‘ಈ ಮಗು ಕಲಿಯುತ್ತಿದೆ’. 615ರ ಆಸುಪಾಸಿಗೆ ಬಂದರೆ ರಾಜ್ಯ ಪಂದ್ಯದಲ್ಲಿ ಜನ ಹೆಸರು ಕೇಳುತ್ತಾರೆ. 625 ಮೇಲೆ ಬಂದರೆ ದೇಶದ ಮಟ್ಟದ ಮಾತು. ಇದು ನನ್ನ ಅಳತೆಗೋಲು, ನಿಯಮ ಅಲ್ಲ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅರ್ಜುನ್ ಬಬೂತಾ 630.1 ಹೊಡೆದು 7ನೆಯವರಾಗಿ ಫೈನಲ್‌ಗೆ ಹೋದರು. ಅದೇ ಕೂಟದ ಮಹಿಳೆಯರ ಸುತ್ತಿನಲ್ಲಿ ಎಲವೇನಿಲ್ ವಳರಿವನ್ 630.7 ಹೊಡೆದರು. 10ನೇ ಸ್ಥಾನ, ಫೈನಲ್ ಇಲ್ಲ. ಜಾಸ್ತಿ ಹೊಡೆದವರು ಹೊರಗೆ, ಕಮ್ಮಿ ಹೊಡೆದವರು ಒಳಗೆ. ‘ಒಳ್ಳೆಯ ಸ್ಕೋರ್ ಎಷ್ಟು’ ಅಂತ ಕೇಳಿದರೆ ನಾನು ಯಾಕೆ ತಡವರಿಸುತ್ತೇನೆ ಅಂತ ಗೊತ್ತಾಯಿತಲ್ವಾ?

ಸೋಮವಾರಪೇಟೆ_ತೋಟ
ಅಕ್ಕ, 2008ರ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಕೊನೇ ಗುಂಡು 10.8 ಅಂತ ಓದಿದ್ದೆ. ಅಂದರೆ ಅರ್ಧ ಮಿಲಿಮೀಟರ್ ಒಳಗೆ?

ಹತ್ತುಮೀಟರ್_ಅಕ್ಕ
ಹೌದು. ಅದೂ ಫಿನ್‌ಲೆಂಡಿನ ಹಕ್ಕಿನೆನ್ ಜೊತೆ ಸಮ ಸಮ ಇದ್ದಾಗ. ಅವರು ಅದೇ ಕೊನೇ ಗುಂಡಿಗೆ 9.7 ಹೊಡೆದು ಮೂರನೇ ಸ್ಥಾನಕ್ಕೆ ಇಳಿದರು. 10.8ಕ್ಕೂ 9.7ಕ್ಕೂ ನಡುವೆ ಇರುವುದು ಮೂರು ಮಿಲಿಮೀಟರಿಗೂ ಕಮ್ಮಿ. ಒಂದು ಅಕ್ಕಿಕಾಳು ಅಡ್ಡ ಇಟ್ಟರೆ ಮುಚ್ಚಿಹೋಗುತ್ತೆ.

ಇಲ್ಲಿ ರೈಫಲ್‌ನ ಪಾಲು ಎಷ್ಟು ಅಂತಲೂ ಕೇಳಿ. ಪಂದ್ಯದ ಏರ್ ರೈಫಲ್ ಕೊಂಡರೆ ಪೆಟ್ಟಿಗೆಯಲ್ಲಿ ಒಂದು ಚಿಕ್ಕ ಕಾರ್ಡ್ ಬರುತ್ತೆ. ಕಾರ್ಖಾನೆಯಲ್ಲಿ ರೈಫಲನ್ನು ಅಲ್ಲಾಡದ ಹಾಗೆ ಬಿಗಿದು 10 ಮೀಟರ್‌ಗೆ ಹೊಡೆದ ತೂತು ಅದರಲ್ಲಿರುತ್ತೆ. ಐದು ಗುಂಡು ಹೋಗಿದ್ದರೂ ಒಂದೇ ತೂತಿನ ಹಾಗೆ ಕಾಣುತ್ತೆ, ಪೆಲೆಟ್‌ಗಿಂತ ಒಂದು ಕೂದಲು ಅಗಲ. ಅಂದರೆ ರೈಫಲ್‌ಗೆ 654ರ ಹತ್ತಿರ ಹೋಗುವ ಯೋಗ್ಯತೆ ಯಾವತ್ತೂ ಇದೆ. ಮಿಕ್ಕಿದ್ದೆಲ್ಲ ನಮ್ಮದು.

ಹೊಸಬಳು_ಪಿಸ್ತೂಲು
ನನ್ನದು ಏರ್ ಪಿಸ್ತೂಲು, 60ಕ್ಕೆ 531. ಅಣ್ಣ ರೈಫಲ್ ಹೊಡೆಯುತ್ತಾನೆ, ನನ್ನ ನೋಡಿ ನಗುತ್ತಾನೆ. ಅವನದು 590 ಅಂತೆ.

ಹತ್ತುಮೀಟರ್_ಅಕ್ಕ
ಅಣ್ಣನಿಗೆ ಒಂದು ಕೈಯಲ್ಲಿ ಹಿಡಿದು ಹೊಡೆಯಲು ಹೇಳಿ! ಪಿಸ್ತೂಲನ್ನು ಯಾವ ಆಸರೆಯೂ ಇಲ್ಲದೆ ಚಾಚಿದ ತೋಳಲ್ಲಿ ಹಿಡಿಯಬೇಕು. ಅದಕ್ಕೇ ಅದರ ಹತ್ತು ದೊಡ್ಡದು, 11.5 ಮಿ.ಮೀ. ಲೆಕ್ಕವೂ ಬೇರೆ. ಪಿಸ್ತೂಲಿನ ಅರ್ಹತಾ ಸುತ್ತಿಗೆ ದಶಾಂಶ ಇಲ್ಲ, 60ಕ್ಕೆ ಗರಿಷ್ಠ 600. ನಿಮ್ಮ ಅಣ್ಣನದು 654ಕ್ಕೆ 590. ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಅಂದರೆ ಸೇರಿನಲ್ಲಿ ಬಟ್ಟೆ ಅಳೆದ ಹಾಗೆ.

ಪಿಸ್ತೂಲಿಗೆ 540 ಬಂದರೆ ಕೈ ಕೂತಿದೆ ಅಂತ. 560 ರಾಜ್ಯ ಮಟ್ಟಕ್ಕೆ ಒಳ್ಳೆಯದು. 575 ದಾಟಿದರೆ ದೊಡ್ಡವರ ಸಾಲು. ಮನು ಭಾಕರ್ ಪ್ಯಾರಿಸ್‌ನಲ್ಲಿ 580 ಹೊಡೆದು ಅರ್ಹತಾ ಸುತ್ತಿನಲ್ಲಿ 3ನೆಯವರಾದರು, ಆಮೇಲೆ ಕಂಚು. ಅದಕ್ಕೂ ಮುಂಚೆ ಟೋಕಿಯೊದಲ್ಲಿ ಪಿಸ್ತೂಲು ನಡುವೆ ಕೈಕೊಟ್ಟು ಸಮಯ ಹಾಳಾಗಿ 575ಕ್ಕೆ ನಿಂತಿದ್ದರು. ಫೈನಲ್ ತಪ್ಪಿತು. 60 ಗುಂಡಿನಲ್ಲಿ 5 ಅಂಕ!

ನಮ್ಮ ಬೆಂಗಳೂರಿನವರೇ ಆದ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕೂಟದಲ್ಲಿ ಇದೇ ಏರ್ ಪಿಸ್ತೂಲಿನಲ್ಲಿ ಬೆಳ್ಳಿ ತಂದರು. ದಿವ್ಯಾ ಟಿ.ಎಸ್. ಕೂಡ ಬೆಂಗಳೂರಿನವರು. 2023ರಲ್ಲಿ ಬಾಕು ವಿಶ್ವಕಪ್‌ನಲ್ಲಿ ಸರಬ್ಜೋತ್ ಸಿಂಗ್ ಜೊತೆ ಮಿಶ್ರ ತಂಡದ ಚಿನ್ನ. ಹಾಗಾಗಿ 531ಕ್ಕೆ ಮುಖ ಸಪ್ಪೆ ಮಾಡಬೇಡಿ.

ಹೊಸಬಳು_ಪಿಸ್ತೂಲು
ಥ್ಯಾಂಕ್ಸ್ ಅಕ್ಕ. ಸೇರಿನಲ್ಲಿ ಬಟ್ಟೆ ಅನ್ನೋದನ್ನ ಅಣ್ಣನಿಗೆ ಫಾರ್ವರ್ಡ್ ಮಾಡಿದ್ದೇನೆ.

ಸೋಮವಾರಪೇಟೆ_ತೋಟ
ತೋಟಾ ಕೋವಿ ವಿಷಯ ನನಗೆ ಬಿಡಿ. ಮನೆಯಲ್ಲಿ ತಾತನ ಕಾಲದ ಜೋಡಿ ನಳಿಗೆಯ 12 ಬೋರ್ ಇದೆ.

ಇದಕ್ಕೆ ಗ್ರೂಪ್ ಅಳೆಯುವುದೇ ತಪ್ಪು. ರೈಫಲ್‌ನಲ್ಲಿ ಒಂದು ಗುಂಡು ಎಲ್ಲಿ ಬಿತ್ತು ಅಂತ ಕೇಳುತ್ತೇವೆ. ತೋಟಾ ಕೋವಿಯಲ್ಲಿ ಒಂದು ಈಡಿಗೆ ನೂರಾರು ಚರೆ ಹೋಗುತ್ತವೆ. ಅವು ಎಷ್ಟು ಅಗಲಕ್ಕೆ, ಎಷ್ಟು ಒತ್ತಾಗಿ ಹರಡಿದವು ಅನ್ನೋದೇ ಅದರ ಗುರಿ. ಅದನ್ನು ನೋಡುವ ಹಳೆಯ ರೀತಿ ಇದೆ. 40 ಗಜ ದೂರದಲ್ಲಿ ದೊಡ್ಡ ಕಾಗದ ಕಟ್ಟಿ ಒಂದು ಈಡು ಹೊಡೆಯುವುದು. ಚರೆ ಎಲ್ಲಿ ಜಾಸ್ತಿ ಬಿದ್ದಿದೆಯೋ ಅದನ್ನು ನಡು ಮಾಡಿಕೊಂಡು 30 ಇಂಚಿನ ವೃತ್ತ ಎಳೆಯುವುದು. ಒಳಗೆ ಬಿದ್ದ ತೂತು ಎಣಿಸಿ, ತೋಟೆಯಲ್ಲಿದ್ದ ಒಟ್ಟು ಚರೆಗೆ ಭಾಗಿಸುವುದು. 70% ಬಂದರೆ ಫುಲ್ ಚೋಕ್ (ಚೋಕ್ ಅಂದರೆ ನಳಿಗೆಯ ತುದಿಯನ್ನು ಕಿರಿದು ಮಾಡಿರುವುದು). 60% ಆದರೆ ಮಾಡಿಫೈಡ್. 40% ಆದರೆ ನಳಿಗೆಗೆ ಚೋಕೇ ಇಲ್ಲ ಅಂತ.

ನಾನು ಒಂದು ಮಳೆಗಾಲ ಕೆಲಸ ಇಲ್ಲದೆ ಇದನ್ನು ಮಾಡಿದೆ. ನಾಲ್ಕು ಹಳೆಯ ಪೇಪರ್ ಹಾಳೆ ಅಂಟಿಸಿ, ರೇಂಜ್‌ಗೆ ಒಯ್ದು, ಎರಡೂ ನಳಿಗೆಯಲ್ಲಿ ಒಂದೊಂದು ಈಡು. ಮನೆಗೆ ತಂದು ಊಟದ ಮೇಜಿನ ಮೇಲೆ ಹರಡಿ ಒಂದೊಂದು ತೂತಿಗೂ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ ಎಣಿಸಿದೆ. ಬಲ ನಳಿಗೆ 44%, ಎಡ ನಳಿಗೆ 67%. ಹೆಂಡತಿ ಬಂದು ‘ಕಾಫಿ ತೂಕ ಮಾಡುವಾಗ ಇಷ್ಟು ಶ್ರದ್ಧೆ ಇದ್ದಿದ್ದರೆ’ ಅಂದಳು. ಆದರೆ ತಾತ ಯಾವಾಗಲೂ ‘ದೂರಕ್ಕೆ ಎಡ ನಳಿಗೆ’ ಅಂತಿದ್ದದ್ದು ಯಾಕೆ ಅಂತ ಅವತ್ತು ಅರ್ಥ ಆಯಿತು. ಹಳೆಯ ಜೋಡಿ ನಳಿಗೆಗಳು ಸಾಮಾನ್ಯವಾಗಿ ಹಾಗೇ. ಮುಂದಿನ ಟ್ರಿಗರ್, ಬಲ ನಳಿಗೆ, ಹತ್ತಿರಕ್ಕೆ. ಹಿಂದಿನ ಟ್ರಿಗರ್, ಎಡ ನಳಿಗೆ, ದೂರಕ್ಕೆ.

ಅಂದಹಾಗೆ ಶೇಕಡಾ ಮಾತ್ರ ನೋಡಬೇಡಿ. ಚರೆಗಳ ನಡುವೆ ಅಂಗೈ ಅಗಲದ ಖಾಲಿ ಜಾಗ ಇದ್ದರೆ 70% ಬಂದೂ ಪ್ರಯೋಜನ ಇಲ್ಲ.

ನಿವೃತ್ತ_ಸುಬೇದಾರ್
ಮೂತಿಯಿಂದ ಮದ್ದು ತುಂಬುವ ಹಳೆಯ ಕೇಪಿನ ಕೋವಿ ಇನ್ನೂ ಯಾರ ಮನೆಯಲ್ಲಾದರೂ ಇದೆಯಾ? ಕುದುರೆ (ಟ್ರಿಗರ್) ಎಳೆದ ಮೇಲೆ ಕೇಪು ಸಿಡಿದು, ಮದ್ದು ಹೊತ್ತಿ, ಈಡು ಹೊರಡುವ ಹೊತ್ತಿಗೆ ನಾವು ಅಲ್ಲಾಡಿ ಮುಗಿದಿರುತ್ತೇವೆ. ಅದರಲ್ಲಿ ಗುರಿ ಕಲಿತವರು ಈಡು ಹೋದ ಮೇಲೂ ಕೋವಿ ಇಳಿಸುತ್ತಿರಲಿಲ್ಲ. ಈಗಿನ ಕೋಚ್‌ಗಳು ಅದನ್ನೇ ಫಾಲೋ ಥ್ರೂ ಅಂತಾರೆ.

ಸೋಮವಾರಪೇಟೆ_ತೋಟ
ಇದೆ ಸರ್, ಗೋಡೆಯ ಮೇಲೆ. ಪೂಜೆಗೆ ಮಾತ್ರ ಇಳಿಸುವುದು.

ಟೆಕ್ಸಸ್_ಕನ್ನಡಿಗ
ತೋಟಾ ಕೋವಿಯ ಪಂದ್ಯವಾದ ಟ್ರ್ಯಾಪ್ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಅಲ್ಲಿ ಸ್ಕೋರ್ ಸುಲಭ. 110 ಮಿ.ಮೀ. ಅಗಲದ ಮಣ್ಣಿನ ಬಿಲ್ಲೆ ಹಾರುತ್ತೆ. ಒಂದು ಚೂರು ಉದುರಿದರೂ ಒಂದು ಅಂಕ, ಇಲ್ಲದಿದ್ದರೆ ಸೊನ್ನೆ. 125 ಬಿಲ್ಲೆಗೆ 100 ಬಂದರೆ ಭಾನುವಾರದ ಆಟಕ್ಕೆ ಖುಷಿಪಡಬಹುದು. 120ರ ಆಸುಪಾಸು ವಿಶ್ವಮಟ್ಟ. ರಾಜ್ಯವರ್ಧನ್ ರಾಥೋಡ್ ಅಥೆನ್ಸ್‌ನಲ್ಲಿ ಬೆಳ್ಳಿ ಗೆದ್ದದ್ದು ಡಬಲ್ ಟ್ರ್ಯಾಪ್, ಒಟ್ಟಿಗೆ ಎರಡು ಬಿಲ್ಲೆ. 200ಕ್ಕೆ 179. ಚಿನ್ನ ಗೆದ್ದ ಯುಎಇಯ ಅಲ್ ಮಕ್ತೂಮ್ ಅವರದು 189.

ಇನ್ನು ಸೆಂಟರ್‌ಫೈರ್ ರೈಫಲ್, ಅಂದರೆ ಪಾಯಿಂಟ್ 22ಕ್ಕಿಂತ ಬಲವಾದ ತೋಟೆಯದು. ಇಲ್ಲಿ ನಾನು ವಾರಕ್ಕೊಮ್ಮೆ ಹೋಗುವ ರೇಂಜ್‌ನಲ್ಲಿ ಎಲ್ಲರ ಬಾಯಲ್ಲೂ ಒಂದೇ ಪದ, ಎಂಒಎ. ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದ ಕೋನ. 100 ಮೀಟರ್‌ಗೆ 2.9 ಸೆಂ.ಮೀ. ದೂರ ಹೆಚ್ಚಿದಂತೆ ಅದೇ ಲೆಕ್ಕದಲ್ಲಿ ಬೆಳೆಯುತ್ತೆ, 500 ಮೀಟರ್‌ಗೆ 14.5. ಕೋನದಲ್ಲಿ ಹೇಳುವುದು ಒಳ್ಳೆಯದು, ದೂರ ಬೇರೆ ಬೇರೆ ಇದ್ದರೂ ಹೋಲಿಸಬಹುದು.

ಅಂಗಡಿಯಿಂದ ತಂದ ಸಾಮಾನ್ಯ ಬೋಲ್ಟ್ ರೈಫಲ್ ಮರಳು ಚೀಲದ ಮೇಲಿಂದ 1.5 ಎಂಒಎ ಕೊಟ್ಟರೆ ಒಳ್ಳೆಯದು. 1 ಕೊಟ್ಟರೆ ಬಹಳ ಒಳ್ಳೆಯದು. ಎಕೆ ಮಾದರಿಯದು 3ರಿಂದ 5 ಕೊಟ್ಟರೂ ಯಾರೂ ಬೈಯುವುದಿಲ್ಲ, ಅದನ್ನು ಮಾಡಿದ್ದೇ ಬೇರೆ ಕೆಲಸಕ್ಕೆ. 1000 ಗಜದ ಎಫ್-ಕ್ಲಾಸ್ ಪಂದ್ಯದಲ್ಲಿ ಹತ್ತರ ವೃತ್ತವೇ 1 ಎಂಒಎ, ಒಳಗಿನ ಎಕ್ಸ್ ಅದರ ಅರ್ಧ. ಅಲ್ಲಿಗೆ ಒಂದೂವರೆ ಎಂಒಎ ರೈಫಲ್ ತಗೊಂಡು ಹೋದರೆ ಸುಮ್ನೆ ದುಡ್ಡು ದಂಡ.

ಮಂಜಿನೂರು, ನಿಮ್ಮ ಅಣ್ಣನ ‘50 ಮೀಟರ್‌ಗೆ ಒಂದು ಇಂಚು’ ಅಂದರೆ 1.75 ಎಂಒಎ. ಸಾಮಾನ್ಯ ಪಾಯಿಂಟ್ 22ಕ್ಕೆ ಅದು ನಂಬುವಂಥದ್ದೇ. ಆದರೆ ಕೇಳಬೇಕಾದ ಪ್ರಶ್ನೆ ಒಂದಿದೆ. ಎಷ್ಟು ಗುಂಡಿಗೆ?

ಮಂಜಿನೂರು_ಹುಡುಗ
ಫೋನ್ ಮಾಡಿ ಕೇಳಿದೆ. 3 ಗುಂಡು. ಅದೂ ‘ಬೆಸ್ಟ್’ ಗ್ರೂಪ್. ಅದರ ಫೋಟೋ ಪರ್ಸ್‌ನಲ್ಲಿ ಇಟ್ಟುಕೊಂಡಿದ್ದಾನೆ.

ಲೆಕ್ಕದ_ಮೇಷ್ಟ್ರು
ಪರ್ಸ್‌ನಲ್ಲಿ! ಹೆಂಡತಿ ಮಕ್ಕಳ ಫೋಟೋ ಇಲ್ಲವೇನೋ.

ನಾನು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಹೇಳುವವನು. ಎನ್‌ಸಿಸಿಯಲ್ಲಿ ಹೊಡೆದ ನಾಲ್ಕು ಗುಂಡು ಬಿಟ್ಟರೆ ಕೋವಿ ಮುಟ್ಟಿದವನಲ್ಲ. ಆದರೆ ಈ ಮೂರು ಗುಂಡಿನ ಲೆಕ್ಕ ನೋಡಿದರೆ ಕೈ ಕಡಿಯುತ್ತೆ.

ಗ್ರೂಪ್ ಅಂತ ನೀವು ಅಳೆಯುವುದು ಅತಿ ದೂರ ಬಿದ್ದ ಎರಡು ಗುಂಡುಗಳ ನಡುವಿನ ಅಂತರ. ಗುಂಡು ಹೆಚ್ಚು ಹೊಡೆದಷ್ಟೂ ಅದು ಬೆಳೆಯುತ್ತೆ, ಕಮ್ಮಿ ಆಗುವುದಕ್ಕೆ ದಾರಿಯೇ ಇಲ್ಲ. ಚದುರುವಿಕೆಯ ಅಳತೆಯನ್ನು ಸಿಗ್ಮಾ ಅಂತ ಇಟ್ಟುಕೊಳ್ಳಿ. 3 ಗುಂಡಿನ ಗ್ರೂಪ್ ಸರಾಸರಿ 2.4 ಸಿಗ್ಮಾ. 5 ಗುಂಡಿನದು 3.1. 10 ಗುಂಡಿನದು 3.8. ಅಂದರೆ ಅದೇ ರೈಫಲ್, ಅದೇ ಮನುಷ್ಯ, ಅದೇ ದಿನ, 3 ಗುಂಡಿಗೆ 25 ಮಿ.ಮೀ. ತೋರಿಸಿದರೆ 10 ಗುಂಡಿಗೆ 40 ತೋರಿಸುತ್ತೆ. ಅದೂ ಆ 25 ಸರಾಸರಿ ಆಗಿದ್ದರೆ. ಬೆಸ್ಟ್ ಆಗಿದ್ದರೆ ಕೇಳಲೇ ಬೇಡಿ.

ಹಾಗಾಗಿ ನನ್ನ ಉತ್ತರ ಇಷ್ಟು. ಯಾರಾದರೂ ‘ನನ್ನದು ಇಷ್ಟು ಗ್ರೂಪ್’ ಅಂದರೆ ದೂರ, ಗುಂಡಿನ ಸಂಖ್ಯೆ, ಆಸರೆ ಇತ್ತೋ ಇಲ್ಲವೋ, ಎಲ್ಲಾ ಗುಂಡು ಲೆಕ್ಕಕ್ಕೆ ಬಂತೋ, ಈ ನಾಲ್ಕನ್ನೂ ಕೇಳಿ. ನಾಲ್ಕರಲ್ಲಿ ಒಂದು ಇಲ್ಲದಿದ್ದರೂ ಅದು ಅಳತೆಯಲ್ಲ, ಕಥೆ.

ಟೆಕ್ಸಸ್_ಕನ್ನಡಿಗ
ಮೇಷ್ಟ್ರೇ, ಇಲ್ಲಿ ‘ಎಲ್ಲಾ ಗುಂಡು ಲೆಕ್ಕಕ್ಕೆ’ ಅನ್ನೋದು ಹೇಳಿದರೆ ಜನ ಜಗಳಕ್ಕೆ ಬರುತ್ತಾರೆ. ಆಚೆ ಹೋದ ಗುಂಡಿಗೆ ಫ್ಲೈಯರ್ ಅಂತ ಹೆಸರಿಟ್ಟು ಬಿಟ್ಟುಬಿಡುತ್ತಾರೆ. ಹಾರಿಹೋದದ್ದು ನಮ್ಮದಲ್ಲ, ನಡುವೆ ಬಿದ್ದದ್ದು ಮಾತ್ರ ನಮ್ಮದು.

ಲೆಕ್ಕದ_ಮೇಷ್ಟ್ರು
ನಮ್ಮ ವಿದ್ಯಾರ್ಥಿಗಳೂ ಹಾಗೇ. ಪಾಸಾದರೆ ‘ನಾನು ಪಾಸಾದೆ’. ಫೇಲಾದರೆ ‘ಮೇಷ್ಟ್ರು ಫೇಲ್ ಮಾಡಿದರು’.

ದೂರದರ್ಶಿ_007
ನಮ್ಮ ಮಾವ ಲೆಕ್ಕ ಓದಿರಲಿಲ್ಲ. ಆದರೂ ಹೊಡೀತಿದ್ದರು. ಒಂದು ಸಲ ಕಾಡಲ್ಲಿ ರಾತ್ರಿ...

ನಿರ್ವಾಹಕ
007 ಅವರ ಉಳಿದ ಪೋಸ್ಟ್ ತೆಗೆದಿದ್ದೇನೆ. ಶಿಕಾರಿ ಕಥೆ ಇಲ್ಲಿ ಬೇಡ. 1972ರ ವನ್ಯಜೀವಿ ಕಾಯ್ದೆ ಬಂದು ಐವತ್ತು ವರ್ಷ ದಾಟಿದೆ. ಕೊಡಗಿನ ಲೈಸೆನ್ಸ್ ವಿನಾಯಿತಿ ಬಗ್ಗೆ ಇಬ್ಬರು ಖಾಸಗಿಯಾಗಿ ಕೇಳಿದ್ದೀರಿ. ಕೇಂದ್ರ ಗೃಹ ಇಲಾಖೆ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದೆ, ಹೈಕೋರ್ಟ್ ಕೂಡ 2021ರಲ್ಲಿ ಎತ್ತಿಹಿಡಿದಿದೆ. ಆ ಚರ್ಚೆಗೆ ಬೇರೆ ಎಳೆ ಇದೆ. ಇಲ್ಲಿ ಗುರಿ ಮಾತ್ರ.

ನಿವೃತ್ತ_ಸುಬೇದಾರ್
ಕೈಕೋವಿಗಳ ಬಗ್ಗೆ ಯಾರೂ ಹೇಳಲಿಲ್ಲ. ಬೇಗ ಹೇಳಿ ಮುಗಿಸುತ್ತೇನೆ. 9 ಎಂಎಂ ಸರ್ವಿಸ್ ಪಿಸ್ತೂಲು 25 ಮೀಟರ್‌ಗೆ ಆಸರೆ ಇಟ್ಟು ಅಂಗೈ ಅಗಲಕ್ಕೆ ಬಿದ್ದರೆ ಸಾಕು, ಅದರ ಅರ್ಧಕ್ಕೆ ಬಿದ್ದರೆ ಪಿಸ್ತೂಲೂ ಚೆನ್ನ, ಕೈಯೂ ಚೆನ್ನ. ಮೋಟು ನಳಿಗೆಯ ಪಾಯಿಂಟ್ 32 ರಿವಾಲ್ವರ್ ಇಟ್ಟುಕೊಂಡವರು 10 ಮೀಟರ್‌ಗೆ ಊಟದ ತಟ್ಟೆಗೆ ಆರೂ ಹೊಡೆದರೆ ನನ್ನ ಕಡೆಯಿಂದ ಪಾಸು. ಬಹಳ ಜನ ಹೊಡೆಯೋದಿಲ್ಲ. ಮುಂದೆ ಪಿನ್ನಿನಷ್ಟು ಸೈಟ್, ಗಟ್ಟಿ ಟ್ರಿಗರ್. ಎಳೆಯುವಾಗ ಮೂತಿ ಕೆಳಗೆ ಹೋಗುತ್ತೆ.

ಆದರೆ ವಿಜಯ್ ಕುಮಾರ್ ಅವರನ್ನು ನೆನಪಿಸಿಕೊಳ್ಳಿ, ನಮ್ಮ ಸೇನೆಯವರು. 2012ರ ಲಂಡನ್‌ನಲ್ಲಿ 25 ಮೀಟರ್ ರ‍್ಯಾಪಿಡ್ ಫೈರ್‌ನಲ್ಲಿ ಬೆಳ್ಳಿ. 5 ಗುರಿ, 5 ಗುಂಡು, 4 ಸೆಕೆಂಡು. ಕೈ ಕೆಳಗಿಂದ ಎತ್ತಿ ಶುರು ಮಾಡಬೇಕು. ಅಲ್ಲಿ ಹತ್ತರ ವೃತ್ತ 10 ಸೆಂ.ಮೀ. ಇದೆ ಅಂತ ಯಾರಾದರೂ ‘ಸುಲಭ’ ಅಂದರೆ ಒಮ್ಮೆ ಕೈಯಲ್ಲಿ ಟಾರ್ಚ್ ಹಿಡಿದು ಗೋಡೆಯ ಮೇಲೆ ಐದು ಚುಕ್ಕೆಗೆ ತೋರಿಸಿ ನೋಡಲಿ.

ಮಂಜಿನೂರು_ಹುಡುಗ
ಎಲ್ಲರ ಮಾತು ಓದಿದೆ. ತುಲಾ ಸಂಕ್ರಮಣಕ್ಕೆ ಊರಿಗೆ ಹೋಗುತ್ತಿದ್ದೇನೆ. ಅಣ್ಣನ ಅದೇ ರೈಫಲ್, ಅದೇ ತೋಟೆ, 50 ಮೀಟರ್, ಟೇಪ್ ಹಿಡಿದು ಅಳೆದು. ಮೊದಲು ಮರಳು ಚೀಲದ ಮೇಲಿಂದ 10, ಆಮೇಲೆ ನಿಂತು 10. ಬಂದು ಇಲ್ಲೇ ಹಾಕುತ್ತೇನೆ. ಒಂದನ್ನೂ ಬಿಡುವುದಿಲ್ಲ.

ಹತ್ತುಮೀಟರ್_ಅಕ್ಕ
ಗಾಳಿ ಬರೆದುಕೊಳ್ಳಿ ತಮ್ಮಾ. ಪಾಯಿಂಟ್ 22 ಗುಂಡು ನಿಧಾನದ್ದು. ಅಡ್ಡ ಗಾಳಿ ಒಂದು ಹದಕ್ಕೆ ಬೀಸಿದರೂ 50 ಮೀಟರ್‌ಗೆ ಎರಡು ಸೆಂ.ಮೀ. ಪಕ್ಕಕ್ಕೆ ತಳ್ಳುತ್ತೆ. ಒಲಿಂಪಿಕ್ 50 ಮೀಟರ್ ಗುರಿಯಲ್ಲಿ ಹತ್ತರ ವೃತ್ತ 10.4 ಮಿ.ಮೀ. ಮಾತ್ರ. ಸ್ವಪ್ನಿಲ್ ಕುಸಾಳೆ ಪ್ಯಾರಿಸ್‌ನಲ್ಲಿ ಮೂರು ಭಂಗಿಯಲ್ಲಿ 60 ಗುಂಡಿಗೆ 590 ಹೊಡೆದದ್ದು ಇದಕ್ಕೇ, ಬಯಲಲ್ಲಿ, ಗಾಳಿಯ ಬಾವುಟ ನೋಡಿಕೊಂಡು. ಅಂಥವರು ತೋಟೆಯನ್ನೂ ಬ್ಯಾಚ್ ಬ್ಯಾಚ್ ಪರೀಕ್ಷೆ ಮಾಡಿ ಕೊಳ್ಳುತ್ತಾರೆ. ಒಂದೇ ಕಂಪನಿ, ಒಂದೇ ಡಬ್ಬಿ, ಆದರೆ ಬ್ಯಾಚ್ ಬದಲಾದರೆ ಗ್ರೂಪ್ ಬದಲಾಗುತ್ತೆ.

ಮಂಜಿನೂರು_ಹುಡುಗ
ಬಂದೆ. ಫಲಿತಾಂಶ.

ಬೆಳಿಗ್ಗೆ 7 ಗಂಟೆ, ಮಂಜು ಈಗಷ್ಟೇ ಎದ್ದಿತ್ತು, ಗಾಳಿ ಇಲ್ಲ. ಮರಳು ಚೀಲದ ಮೇಲಿಂದ 10 ಗುಂಡು: 38 ಮಿ.ಮೀ. ನಿಂತು 10 ಗುಂಡು: 31. ಇದು ಮಿಲಿಮೀಟರ್ ಅಲ್ಲ, ಸೆಂಟಿಮೀಟರ್. ಅಣ್ಣ ಪಕ್ಕದಲ್ಲೇ ಇದ್ದ. 38 ನೋಡಿ ಅವನ ಮುಖ ಸ್ವಲ್ಪ ಇಳಿಯಿತು. 31 ನೋಡಿ ಮತ್ತೆ ಏರಿತು.

ತೆಂಗಿನಕಾಯಿ 12 ಸೆಂ.ಮೀ. ಅಂತ ಕಾಗದದ ಮೇಲೆ ವೃತ್ತ ಎಳೆದಿದ್ದೆ. ನಿಂತು ಹೊಡೆದದ್ದರಲ್ಲಿ 2 ಒಳಗೆ ಬಿತ್ತು.

ಲೆಕ್ಕದ_ಮೇಷ್ಟ್ರು
ಭೇಷ್. ಮೇಲೆ ನಾನು 40 ಅಂದಿದ್ದೆ, ನಿಮಗೆ ಬಂದದ್ದು 38. ಇವತ್ತು ಹೆಂಡತಿಗೆ ತೋರಿಸುತ್ತೇನೆ.

ಈಗ ಹೊಸ ರೈಫಲ್ ಪ್ರಶ್ನೆಗೆ ಬರೋಣ. 38 ಮಿ.ಮೀ.ಯನ್ನು 3.8ರಿಂದ ಭಾಗಿಸಿ. ರೈಫಲ್‌ನ ಸಿಗ್ಮಾ 10 ಮಿ.ಮೀ. ನಿಂತಾಗ 310 ಮಿ.ಮೀ., ಅಂದರೆ ಸಿಗ್ಮಾ ಸುಮಾರು 81. ಈ 81ರಲ್ಲಿ ರೈಫಲ್ ಎಷ್ಟು, ನೀವೆಷ್ಟು? ಇವು ಕೂಡುವುದು ವರ್ಗಗಳಲ್ಲಿ. 81ರ ವರ್ಗ 6561. ಅದರಲ್ಲಿ ರೈಫಲ್‌ನ ಪಾಲು 100. ಉಳಿದ 6461 ನಿಮ್ಮದು.

ಈಗ ಸಾಲ ಮಾಡಿ ಎರಡು ಪಟ್ಟು ಒಳ್ಳೆಯ ರೈಫಲ್ ತಂದಿರಿ ಅಂತಿಟ್ಟುಕೊಳ್ಳಿ. ಸಿಗ್ಮಾ 10 ಇದ್ದದ್ದು 5 ಆಯಿತು. 6461ಕ್ಕೆ 25 ಕೂಡಿ ವರ್ಗಮೂಲ ತೆಗೆಯಿರಿ. 80.5. ಅಂದರೆ 81 ಇದ್ದದ್ದು 80.5 ಆಯಿತು. ಅರ್ಧ ಮಿಲಿಮೀಟರ್. ಅಷ್ಟು ದುಡ್ಡಿಗೆ.

ಇನ್ನೂ ಒಂದು. ಸಿಗ್ಮಾ 81 ಇರುವಾಗ 12 ಸೆಂ.ಮೀ. ಕಾಯಿಗೆ ಒಂದು ಗುಂಡು ತಾಗುವ ಸಾಧ್ಯತೆ 24%. ಮೂರರಲ್ಲಿ ಒಂದಾದರೂ ತಾಗುವುದು 56%. ಹಾಗಾಗಿ ಮೂರೂ ಗಾಳಿಗೆ ಹೋದದ್ದರಲ್ಲಿ ಅವಮಾನ ಏನಿಲ್ಲ. ನೀವು 31 ಸೆಂ.ಮೀ. ಅನ್ನು 22ಕ್ಕೆ ಇಳಿಸಿದರೆ ಒಂದು ಗುಂಡಿಗೆ 41% ಆಗುತ್ತೆ, ಮೂರಕ್ಕೆ 80%. ಝೀರೋ ಸರಿ ಇದೆ ಅಂತ ನಂಬಿ ಈ ಲೆಕ್ಕ.

ಸೋಮವಾರಪೇಟೆ_ತೋಟ
ಮೇಷ್ಟ್ರೇ, ಆ ಅಜ್ಜಿಯ ಸಿಗ್ಮಾ ಎಷ್ಟು?

ಲೆಕ್ಕದ_ಮೇಷ್ಟ್ರು
ಎರಡು ಗುಂಡಿನ ಮೇಲೆ ಅಜ್ಜಿಯ ಬಗ್ಗೆ ಮಾತಾಡುವ ಧೈರ್ಯ ನನಗಿಲ್ಲ.

ಟೆಕ್ಸಸ್_ಕನ್ನಡಿಗ
ಇದನ್ನು ಪ್ರಿಂಟ್ ತೆಗೆದು ನಮ್ಮ ರೇಂಜ್‌ನಲ್ಲಿ ಅಂಟಿಸಬೇಕು. 12 ಸೆಂ.ಮೀ. ಕಾಯಿ 50 ಮೀಟರ್‌ಗೆ ಅಂದರೆ 8 ಎಂಒಎ. ರೈಫಲ್ 2.6ಕ್ಕೆ ಹೊಡೆಯುತ್ತಿದೆ. ಕಾಯಿಗೆ ಬೇಕಾದದ್ದಕ್ಕಿಂತ ಮೂರು ಪಟ್ಟು ಒಳ್ಳೆಯದು. ನಾನೂ ಮೂರು ಸ್ಕೋಪ್ ಬದಲಿಸಿ ಆಮೇಲೆ ಕಲಿತವನು. ನನ್ನಾಕೆಗೆ ಇದನ್ನು ಓದಲು ಕೊಡಬೇಡಿ.

ಹತ್ತುಮೀಟರ್_ಅಕ್ಕ
ತಮ್ಮಾ, ಈಗ ಕೆಲಸಕ್ಕೆ ಬನ್ನಿ. ಬೆಂಗಳೂರಲ್ಲಿ ಹೊಡೆಯುವ ಏರ್ ರೈಫಲ್ ಇದೆಯಲ್ಲ, ಅದೇ ಸಾಕು. ಆದರೆ ಪಂದ್ಯದ ದಪ್ಪ ಜಾಕೆಟ್ ತೆಗೆದುಬಿಡಿ. ಊರಲ್ಲಿ ಜಾಕೆಟ್ ಇರುವುದಿಲ್ಲ. ಎಡ ಮೊಣಕೈ ಪಕ್ಕೆಗೆ ಒರಗಿಸಿ, ಮೂಳೆಯ ಮೇಲೆ ಭಾರ ಬಿಡಿ, ತೋಳಿನ ಬಲ ಬೇಡ. ರೈಫಲ್ ಎತ್ತಿ ಕಣ್ಣು ಮುಚ್ಚಿ, ಒಂದು ಉಸಿರು ತಗೊಂಡು ಬಿಡಿ, ಕಣ್ಣು ತೆರೆಯಿರಿ. ಸೈಟ್ ಎಡಕ್ಕೆ ಹೋಗಿದ್ದರೆ ಕೈಯಿಂದ ಎಳೆಯಬೇಡಿ, ಹಿಂದಿನ ಕಾಲು ಒಂದು ಬೆರಳಷ್ಟು ಸರಿಸಿ. ದಿನಕ್ಕೆ 20 ನಿಮಿಷ, ಗುಂಡಿಲ್ಲದೆ. 8 ಸೆಕೆಂಡಿನಲ್ಲಿ ಹೊಡೆಯಲು ಆಗಲಿಲ್ಲ ಅಂದರೆ ಇಳಿಸಿ, ಮತ್ತೆ ಎತ್ತಿ. ಇಳಿಸೋಕೆ ನಾಚಿಕೆ ಪಡುವವರೇ ಜಾಸ್ತಿ ಗುರಿ ತಪ್ಪುವುದು.

ನಿವೃತ್ತ_ಸುಬೇದಾರ್
ಅಜ್ಜಿ ಎಷ್ಟು ಹೊತ್ತು ಗುರಿ ಹಿಡಿದಿದ್ದರು? ನೆನಪಿದೆಯಾ?

ಮಂಜಿನೂರು_ಹುಡುಗ
ಸರ್, ಈಗ ನೀವು ಕೇಳಿದ ಮೇಲೆ ನೆನಪಾಯಿತು. ಮೊದಲ ಗುಂಡಿಗೂ ಮುಂಚೆ ಎರಡು ಸಲ ಕೋವಿ ಇಳಿಸಿದರು. ಕೈ ಸೋತಿದೆ ಅಂತ ನಾವು ಹುಡುಗರು ಹಿಂದೆ ನಿಂತು ಮುಸಿಮುಸಿ ನಕ್ಕಿದ್ದೆವು.

ಮಂಜಿನೂರು_ಹುಡುಗ
ಪುತ್ತರಿಗೆ (ಹೊಸ ಭತ್ತದ ಹಬ್ಬ) ಊರಿಗೆ ಬಂದಿದ್ದೇನೆ. ಕದಿರು ತೆಗೆಯುವಾಗ ಗಾಳಿಯಲ್ಲಿ ಹಾರಿಸುವ ಈಡು ದೊಡ್ಡಪ್ಪನದೇ, ಅದಕ್ಕೆ ಗುರಿ ಬೇಡ. ಮಾರನೇ ಬೆಳಿಗ್ಗೆ ಅದೇ ದಿಬ್ಬದ ಮುಂದೆ ನಿಂತು 10 ಗುಂಡು: 24 ಸೆಂ.ಮೀ. ವೃತ್ತದೊಳಗೆ 4. ಮೇಷ್ಟ್ರು ಹೇಳಿದ 22ಕ್ಕೆ ಇನ್ನೂ ಎರಡು ಬಾಕಿ. ಹಾಳೆಯ ಫೋಟೋ ಕೆಳಗೆ ಹಾಕಿದ್ದೇನೆ, ಮೂಲೆಯಲ್ಲಿ ಇರುವ ಒಂಟಿ ತೂತೂ ನನ್ನದೇ.

ಹಾಳೆ ಮಡಿಸುವಾಗ ಅಜ್ಜಿ ಬೇಲಿ ಆಚೆಯಿಂದ ನೋಡಿದರು. ‘ಎಷ್ಟು ಸಲ ಇಳಿಸಿದೆ?’ ಅಂತ ಕೇಳಿದರು. ಆರು ಸಲ ಅಂದೆ. ‘ಹೂಂ’ ಅಂದು ಒಳಗೆ ಹೋದರು.

ಲೆಕ್ಕದ_ಮೇಷ್ಟ್ರು
ಅಜ್ಜಿಗೆ ಒಂದು ಹಾಳೆ ಕೊಟ್ಟು 10 ಹೊಡೆಸೋಕೆ ಆಗುತ್ತಾ? ಸುಮ್ನೆ ಕೇಳಿದೆ.